ಎರಡು ಬುಟ್ಟಿ ಬಿಳಿ ಗೂಡು

ನವೆಂಬರ್ 4, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಇದಕ್ಕೆ ಕಾರಣ ಸುಚಿತ್ರಾ. ಶಾಲೆಯಿಂದ ಬಂದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ನಾನು ಹನ್ನೊಂದು ಜನರನ್ನು ಬೈದೆನಂತೆ. "ನನ್ ಕಿವಿಗೂ ಒಸಿ ರಜ ಬೇಡ್ವಾ? ಇದ್ರಲ್ಲಿ ಬೈಕೊಳ್ಳಿ" ಎಂದು ಹಳೆಯ ಹಾಜರಿ ಪುಸ್ತಕವನ್ನು ಮುಂದೆ ಎಸೆದು ಒಳಗೆ ಹೋದಳು. ಆಗಲಿ. ಹೆಂಡತಿಗಿಂತ ಪುಸ್ತಕಕ್ಕೆ ತಾಳ್ಮೆ ಜಾಸ್ತಿ ಇದ್ದೀತು.

ಹನ್ನೆರಡನೆಯವರು ನಮ್ಮ ಎಚ್.ಎಂ. ಮೇಡಂ. ಡಿಸೆಂಬರ್ ಇಪ್ಪತ್ತೊಂದಕ್ಕೆ ಕನಕಪುರದಲ್ಲಿ ಕಲಾಮೇಳವಂತೆ. ಒಂದು ಪ್ರೌಢಶಾಲೆಯಿಂದ ಒಬ್ಬ ವಿದ್ಯಾರ್ಥಿ, ಒಂದು ಕಲಾಪಂಥ, ಒಂದು ಚಿತ್ರ. ಆ ಪಂಥದ ರೀತಿಯಲ್ಲಿ ಚಿತ್ರ ಬರೆದು, ಅದರ ಪಕ್ಕ ನಿಂತು ತೀರ್ಪುಗಾರರಿಗೆ ಅದರ ಇತಿಹಾಸ ಹೇಳಬೇಕು. ಅದಕ್ಕಾಗಿ ಹತ್ತನೇ ತರಗತಿಗೆ ಶನಿವಾರದ ಕೊನೆಯ ಎರಡು ಪೀರಿಯಡ್ ಕಲಾ ಇತಿಹಾಸ. "ನಟರಾಜು ಸರ್, ನೀವೇ ನೋಡ್ಕೊಳ್ಳಿ" ಎಂದು ಸುತ್ತೋಲೆ ಕೈಗಿಟ್ಟರು. ಇನ್ಯಾರು ನೋಡಿಕೊಳ್ಳುತ್ತಾರೆ, ಗಣಿತದವರೇ?

ಸ್ಟಾಫ್ ರೂಮಿನಲ್ಲಿ ಚೆನ್ನಾಗಿ ಕೂಗಾಡಿದೆ. ನಿಜ ಹೇಳಬೇಕೆಂದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ನಗು ಬರುತ್ತಿತ್ತು. ಮೈಸೂರಿನಲ್ಲಿ ಐದು ವರ್ಷ ಕೂತು ಓದಿದ ಕಲಾ ಇತಿಹಾಸವನ್ನು ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಯಾರೊಬ್ಬರೂ ಕೇಳಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಹೂದಾನಿ, ಮಾವಿನಕಾಯಿ ಮತ್ತು ಆಗಸ್ಟ್ ಹದಿನೈದರ ರಂಗೋಲಿ. ಟ್ರಂಕಿನ ತಳದಿಂದ ನೋಟ್ಸ್ ತೆಗೆದಿದ್ದೇನೆ. ಜಿರಲೆ ಅರ್ಧ ತಿಂದಿದೆ, ಉಳಿದರ್ಧ ಸಾಕು.

ಇನ್ನೊಂದು ಬೈಗುಳ ಬಾಕಿ ಇದೆ. ಇಸ್ತ್ರಿಯವನು ನನ್ನ ಬಿಳಿ ಪಂಚೆಯನ್ನು ಹಳದಿ ಮಾಡಿ ಕಳಿಸಿದ್ದಾನೆ. ಬೆಳ್ಳಗೇ ಇದೆಯಲ್ಲ ಎನ್ನುತ್ತಾಳೆ ಸುಚಿತ್ರಾ. ಇವಳಿಗೆ ಬಣ್ಣದ ವಿಷಯ ಏನು ಗೊತ್ತು. ಈ ರಾಮನಗರದಲ್ಲಿ ಬಣ್ಣ ನೋಡುವ ಕಣ್ಣು ಅಂತ ಒಂದಿದ್ದರೆ ಅದು ನನ್ನದು.

ನವೆಂಬರ್ 9, ಶನಿವಾರ

ಮೊದಲ ಪಾಠ ಇಂಪ್ರೆಷನಿಸಂ. ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಕೆಲವರು ಸ್ಟುಡಿಯೋ ಬಿಟ್ಟು ಬಯಲಿಗೆ ಬಂದರು, ಗೊತ್ತಿರುವುದನ್ನು ಬಿಟ್ಟು ಆ ಕ್ಷಣಕ್ಕೆ ಕಂಡದ್ದನ್ನು ಬರೆದರು, ಜನ ಉಗಿದರು ಎಂದೆಲ್ಲ ಹೇಳಿ ಅವರಲ್ಲೊಬ್ಬನಾದ ಮೋನೆಯ ಹುಲ್ಲಿನ ಮೆದೆಗಳನ್ನು ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಒಂದೇ ಮೆದೆ, ಬೆಳಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ. ಇಡೀ ಕ್ಲಾಸು ಗಪ್‌ಚಿಪ್. ಆಹಾ, ನಾಟಿತು ಅಂದುಕೊಂಡೆ. ಆಗ ಮಾಗಡಿ ಕಡೆಯ ಭಾನುಪ್ರಿಯ ಎದ್ದು ನಿಂತು, "ಸಾರ್, ಈ ಮೆದೆ ಒಟ್ಟಿರೋರಿಗೆ ಒಟ್ಟಾಕೇ ಬರಾಕಿಲ್ಲ. ಒಂದ್ ಮಳೆ ಬಂದ್ರೆ ಒಳಗೆಲ್ಲ ನೀರು" ಎಂದಳು. ಅರ್ಧ ಗಂಟೆ ಮೆದೆ ಒಟ್ಟುವುದರ ಬಗ್ಗೆಯೇ ಚರ್ಚೆ ಆಯಿತು. ಬೈಯಲು ಬಾಯಿ ತೆರೆದವನು ನಾನೂ ಸೇರಿಕೊಂಡೆ. ಸಾತನೂರಿನಲ್ಲಿ ನಮ್ಮಪ್ಪ ಒಟ್ಟುತ್ತಿದ್ದ ಮೆದೆಯನ್ನು ಬೋರ್ಡಿನ ಮೇಲೆ ಬರೆದೂ ತೋರಿಸಿದೆ.

ಆಮೇಲೆ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ, ಬೆಳ್ಳಗಿರುವ ಗೋಡೆಯ ಮೇಲೆ ಬಿದ್ದ ನೆರಳಿನ ಬಣ್ಣ ಏನು ಎಂದು ಕೇಳಿದೆ. ಕಪ್ಪು, ಕಪ್ಪು ಎಂದು ಎಲ್ಲರೂ ಕೂಗಿದರು. ಎರಡನೇ ಬೆಂಚಿನ ಮುಬಶ್ಶಿರಾ ಮಾತ್ರ ಬಹಳ ಹೊತ್ತು ನೋಡಿ, ನೀಲಿ ಎಂದಳು. ಶಹಭಾಸ್ ಎಂದೆ. ಇಂಪ್ರೆಷನಿಸ್ಟರು ಕಂಡುಕೊಂಡದ್ದು ಅದನ್ನೇ. ನನಗೆ ಇವತ್ತು ಅಷ್ಟು ನೀಲಿ ಕಾಣಲಿಲ್ಲ, ಬಿಸಿಲು ಮಂಕಾಗಿತ್ತು. ಆದರೆ ಪುಸ್ತಕದಲ್ಲಿ ಹಾಗೇ ಇದೆ.

ಪ್ರೊಜೆಕ್ಟರಿನ ಪರದೆ ಹಳದಿ ತಿರುಗಿದೆ. ಬದಲಿಸಿ ಎಂದು ಎಚ್.ಎಂ.ಗೆ ಹೇಳಿದೆ. ಹೋದ ತಿಂಗಳು ತಾನೇ ಹೊಸದು ತಂದದ್ದು ಎಂದರು. ಯಾರೋ ಟೋಪಿ ಹಾಕಿದ್ದಾರೆ.

ನವೆಂಬರ್ 16, ಶನಿವಾರ

ಕ್ಯೂಬಿಸಂ. ಒಂದೇ ಮುಖದಲ್ಲಿ ಎದುರಿನ ಕಣ್ಣೂ ಪಕ್ಕದ ಮೂಗೂ ಇರುವ ಚಿತ್ರ ತೋರಿಸಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಆಕ್ಸಿಡೆಂಟ್ ಆಗೈತೆ ಸಾರ್ ಎಂದಿತು ಹಿಂದಿನ ಬೆಂಚು. ಇದನ್ನು ಹೇಗೆ ವಿವರಿಸುವುದು ಎಂದು ನಾನು ತಡಕಾಡುತ್ತಿರುವಾಗ ತನ್ವೀರ್ ಕೈ ಎತ್ತಿದ. ಚನ್ನಪಟ್ಟಣದಿಂದ ಬರುವ ಹುಡುಗ, ಮನೆಯಲ್ಲಿ ಮರದ ಗೊಂಬೆ ಮಾಡುತ್ತಾರೆ. ಇದುವರೆಗೆ ನನ್ನ ಕ್ಲಾಸಿನಲ್ಲಿ ನೀರು ಕುಡಿಯಲು ಬಿಟ್ಟು ಬೇರೆ ಯಾವುದಕ್ಕೂ ಕೈ ಎತ್ತಿದವನಲ್ಲ.

"ಗೊಂಬೆಗೆ ಮುಖ ಬರೆಯೋವಾಗ ನಮ್ಮಮ್ಮ ತಿರುಗಿಸ್ಕೋತಾ ಬರೀತಾರೆ ಸಾರ್. ತಿರುಗಿಸ್ತಾ ಇದ್ರೆ ಎಲ್ಲಾ ಕಡೇನೂ ಕಾಣ್ತದೆ. ಈ ಚಿತ್ರದೋರು ತಿರುಗಿಸ್ದೆ ಒಂದೇ ಸಲ ತೋರ್ಸವ್ರೆ, ಅಷ್ಟೇಯ."

ಅಷ್ಟೇಯ! ನಾನು ಐದು ವರ್ಷ ಓದಿ, ಪರೀಕ್ಷೆಯಲ್ಲಿ ಹನ್ನೆರಡು ಪುಟ ಬರೆದದ್ದನ್ನು ಇವನು ಮೂರು ಮಾತಿನಲ್ಲಿ ಹೇಳಿ ಕೂತುಬಿಟ್ಟ. ಸಂತೋಷಕ್ಕೆ ಕುಣಿಯುವ ಹಾಗಾಯಿತು. ಹುಡುಗರ ಮುಂದೆ ಹಾಗೆಲ್ಲ ಆಗಬಾರದು ಎಂದು ಹಿಂದಿನ ಬೆಂಚಿನ ಇಬ್ಬರನ್ನು ಸುಮ್ಮನೆ ಗದರಿದೆ.

ನವೆಂಬರ್ 18, ಸೋಮವಾರ

ಮೇಳಕ್ಕೆ ಮುಬಶ್ಶಿರಾ, ಪಂಥ ಇಂಪ್ರೆಷನಿಸಂ. ಕೈ ಚೆನ್ನಾಗಿದೆ, ಮಾತೂ ಬರುತ್ತದೆ. ಏನು ಬರೀತೀಯ ಎಂದರೆ, "ಗೂಡು ಸಾರ್" ಎಂದಳು. ಅವರ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆಳಗ್ಗೆ ಮಾರ್ಕೆಟ್ಟಿನಿಂದ ಗೂಡು ಬಂದು ಜಗಲಿಯ ಮೇಲೆ ಬುಟ್ಟಿಯಲ್ಲಿ ಇಳಿದಾಗ ಬಿಸಿಲು ಬೀಳುತ್ತದಂತೆ, ಅದನ್ನು ಬರೆಯಬೇಕಂತೆ. ಎರಡು ಬುಟ್ಟಿ ಬಿಳಿ ಗೂಡು. ನಾನಾದರೆ ಬೆಟ್ಟ ಬರೆಸುತ್ತಿದ್ದೆ. ಆದರೂ ಆಗಲಿ ಎಂದೆ.

ನವೆಂಬರ್ 26, ಮಂಗಳವಾರ

ದಿನಾ ಸಂಜೆ ನಾಲ್ಕೂವರೆಯಿಂದ ಒಂದು ಗಂಟೆ ಡ್ರಾಯಿಂಗ್ ರೂಮಿನಲ್ಲಿ ಕೆಲಸ ನಡೆದಿದೆ. ಈ ಹುಡುಗಿಯ ಹಟ ನನ್ನ ಹಟಕ್ಕೆ ಸಮವಾಗಿದೆ. ಬುಟ್ಟಿ ಚೆನ್ನಾಗಿ ಬಂದಿದೆ, ಜಗಲಿ ಚೆನ್ನಾಗಿ ಬಂದಿದೆ. ಗೂಡಿನ ಮೇಲೆ ಮಾತ್ರ ಅಲ್ಲಲ್ಲಿ ಕೊಳೆ ಬಳಿದ ಹಾಗೆ ಬೂದು ಬಣ್ಣ ಹಾಕಿದ್ದಾಳೆ. ಏನಮ್ಮ ಇದು ಎಂದರೆ, ನೆರಳು, ನೀಲಿ ಎನ್ನುತ್ತಾಳೆ. ನೀಲಿ ಎಲ್ಲಿದೆ? ಇದು ಬಟ್ಟೆ ಹಿಂಡಿದ ನೀರು. ಬಿಳಿ ಬಿಳಿಯಾಗಿ ಕಾಣಬೇಕು ಎಂದೆ. ಬಿಳೀಲೂ ಬೇಕಾದಷ್ಟು ಥರ ಐತೆ ಸಾರ್ ಎಂದು ಎಂಟು ಥರದ ಬಿಳಿಯ ಹೆಸರು ಹೇಳಿದಳು, ಹಾಲಿನದು, ಬೆಣ್ಣೆಯದು, ಮುತ್ತಿನದು, ಇನ್ನೂ ಏನೇನೋ. ನನಗೇ ಪಾಠ.

ನಾಳೆ ಸರಿ ಮಾಡು ಎಂದು ಹೇಳಿ ಬಂದೆ.

ನವೆಂಬರ್ 30, ಶನಿವಾರ

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ತಪ್ಪು ಯಾರದೆಂದು ಓದಿದವರಿಗೇ ಗೊತ್ತಾಗಲಿ. ಓದುವವರು ಯಾರೂ ಇಲ್ಲ, ಅದು ಬೇರೆ ಮಾತು.

ಹುಡುಗಿ ಕೊಳೆ ತೆಗೆದಿರಲಿಲ್ಲ. ಇನ್ನಷ್ಟು ಬಳಿದಿದ್ದಳು. ನಾನು ಬ್ರಷ್ ಕೇಳಿದೆ. ಡ್ರಾಯಿಂಗ್ ಮೇಷ್ಟ್ರು ತಿದ್ದುವುದು ಹೊಸದೇನಲ್ಲ. ನನ್ನ ಗುರುಗಳು ನನ್ನದನ್ನು ತಿದ್ದಿದರು, ನಾನು ಮೂವತ್ತೊಂದು ವರ್ಷ ಇವರದನ್ನು ತಿದ್ದಿದ್ದೇನೆ. ತಿದ್ದಿಸಿಕೊಂಡವರು ಖುಷಿಪಟ್ಟಿದ್ದಾರೆ. ತಟ್ಟೆಯಲ್ಲಿ ಕಲಸಿಟ್ಟಿದ್ದ ಬಿಳಿಯನ್ನು ತೆಗೆದುಕೊಂಡು ಎಡಗಡೆಯ ಬುಟ್ಟಿಯ ಮೇಲೆ ನಾಲ್ಕು ಬೀಸು ಬೀಸಿದೆ. ಕೊಳೆ ಹೋಗಿ ಬುಟ್ಟಿ ನಳನಳಿಸಿತು. ಇನ್ನೊಂದಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಅವಳು ನನ್ನ ಕೈ ಹಿಡಿದುಬಿಟ್ಟಳು. ಮೇಷ್ಟ್ರ ಕೈಯನ್ನು!

"ಸಾರ್, ಅದು ಹಳ್ದಿ ಸಾರ್. ನನ್ ಬಿಳಿ ಗೂಡ್ನೆಲ್ಲ ಸಿ.ಬಿ. ಮಾಡ್ಬುಟ್ರಿ" ಎಂದು ಅಳತೊಡಗಿದಳು.

ಸಿ.ಬಿ. ಎಂದರೆ ಹಳದಿ ಗೂಡಿನ ಜಾತಿ. ಬಿಳಿಯ ಜೊತೆ ಅದು ಬೆರೆತರೆ ನೂಲು ಕೆಡುತ್ತದೆ, ನೂಲು ಬಿಚ್ಚುವ ರೀಲರ್ ಮನೆಯವರಿಗೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಬಿಳಿಗೂ ಹಳದಿಗೂ ವ್ಯತ್ಯಾಸ ಗೊತ್ತಿಲ್ಲದವನು ನಾನು ಎಂದಾಯಿತು. ನನಗೆ ಕೋಪ ನೆತ್ತಿಗೇರಿತು. ನೀನು ನನಗೆ ಬಣ್ಣ ಕಲಿಸ್ತೀಯಾ, ಬೇರೆಯವರನ್ನು ಕಳಿಸ್ತೀನಿ, ನಡಿ ಎಂದುಬಿಟ್ಟೆ. ಅವಳು ಚಿತ್ರವನ್ನು ಅಲ್ಲೇ ಬಿಟ್ಟು ಹೋದಳು.

ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಬಿಳಿಯಾಗಿಯೇ ಇದೆ.

ಡಿಸೆಂಬರ್ 2, ಸೋಮವಾರ

ಮುಬಶ್ಶಿರಾ ಸಂಜೆ ಬರಲಿಲ್ಲ. ಬೇಡ.

ಡಿಸೆಂಬರ್ 3, ಮಂಗಳವಾರ

ಇವತ್ತೂ ಇಲ್ಲ. ಕ್ಲಾಸಿನಲ್ಲಿ ನನ್ನ ಮುಖವನ್ನೂ ನೋಡುವುದಿಲ್ಲ. ಬೇರೆ ಯಾರನ್ನು ಕಳಿಸುವುದು? ತನ್ವೀರನನ್ನು ಕೇಳಿದೆ. "ಅವ್ಳ ಜಾಗಕ್ಕೆ ನಾನ್ ಬರಲ್ಲ ಸಾರ್" ಎಂದ. ಭಾನುಪ್ರಿಯಳೂ ಅದನ್ನೇ ಅಂದಳು. ಎಲ್ಲರೂ ಮಾತಾಡಿಕೊಂಡಿದ್ದಾರೆ.

ಡಿಸೆಂಬರ್ 4, ಬುಧವಾರ

ಮಧ್ಯಾಹ್ನ ಮುಬಶ್ಶಿರಾಳ ಅಜ್ಜಿ ಕರೀಮುನ್ನೀಸಾ ಶಾಲೆಗೆ ಬಂದರು, ಕೈಯಲ್ಲಿ ವೈರ್ ಬ್ಯಾಗು, ಹಿಂದೆ ಮೊಮ್ಮಗಳು. ಜಗಳಕ್ಕೆ ಬಂದಿದ್ದಾರೆ ಎಂದು ನಾನೂ ಸೊಂಟ ಕಟ್ಟಿ ನಿಂತೆ. ಆ ಮುದುಕಿ ಜಗಳ ಆಡಲಿಲ್ಲ. ಡ್ರಾಯಿಂಗ್ ರೂಮಿನ ಕಟ್ಟೆಯ ಮೇಲೆ ಪೇಪರ್ ಹಾಸಿ, ಬ್ಯಾಗಿನಲ್ಲಿದ್ದ ಗೂಡು ಸುರಿದು, ಬಿಳಿ ಒಂದು ಕಡೆ, ಹಳದಿ ಒಂದು ಕಡೆ ಆರಿಸಿಕೊಡಿ ಎಂದು ಕೇಳಿದರು. ನಮ್ಮ ಮನೆ ಕೆಲಸ ಹೇಗೂ ಚಿತ್ರದಲ್ಲಿ ನೋಡಿದ್ದೀರಲ್ಲ, ಒಂದು ಕೈ ನೋಡಿ ಎಂದರು.

ನನಗೆ ಅದೊಂದು ದೊಡ್ಡ ಕೆಲಸವೇ? ಸರಸರನೆ ಆರಿಸಿದೆ. ಎರಡು ರಾಶಿ ಆಯಿತು. ನೋಡಿ ಎಂದು ಕೈ ಕೊಡವಿ ಎದ್ದೆ. ಸುತ್ತ ನಿಂತಿದ್ದ ಮಕ್ಕಳು ರಾಶಿ ನೋಡಿದರು, ನನ್ನನ್ನು ನೋಡಿದರು. ಮುಬಶ್ಶಿರಾ ನೆಲ ನೋಡುತ್ತಿದ್ದಳು.

ಅಜ್ಜಿ ಎರಡು ರಾಶಿಯನ್ನೂ ಕೂಡಿಸಿ ಮತ್ತೆ ಬ್ಯಾಗಿಗೆ ತುಂಬಿದರು. ಮಕ್ಕಳನ್ನು ಆಚೆ ಕಳಿಸಿದರು. "ಮೇಷ್ಟ್ರೇ, ಎರಡ್ ವರ್ಸದ ಹಿಂದೆ ನಾನೂ ಹಿಂಗೇ ಆರಿಸ್ತಿದ್ದೆ. ಐವತ್ ವರ್ಸ ಗೂಡು ಆರಿಸ್ದೋಳು ನಾನು, ನನ್ಗೆ ಹೇಳಕ್ಕೆ ಬತ್ತೀಯಾ ಅಂತ ಮಗನ್ ಮೇಲೆ ರೇಗಿದ್ದೆ. ಮೋತಿಬಿಂದು ಅದು, ಕಣ್ಣಲ್ಲಿ ಪೊರೆ. ನಮ್ ಮನೇಲಿ ಕಣ್ಣು ಕೆಟ್ರೆ ಮೊದ್ಲು ಬುಟ್ಟೀಲಿ ಗೊತ್ತಾಗ್ತದೆ. ಹುಡ್ಗಿ ಮೇಲೆ ಕೋಪ ಬ್ಯಾಡಿ" ಎಂದರು.

ಈ ಕಟ್ಟೆಯ ಮೇಲೆ ಬೆಳಕು ಸಾಲದು ಎಂದೆ. ಹೌದು ಹೌದು ಎಂದು ಅವರು ಎದ್ದರು. ಹೋದ ಮೇಲೆ ಪೇಪರಿನ ಮಡಿಕೆಯಲ್ಲಿ ಒಂದು ಬಿಳಿ ಗೂಡು ಉಳಿದಿತ್ತು. ಜೇಬಿಗೆ ಹಾಕಿಕೊಂಡೆ.

ಡಿಸೆಂಬರ್ 5, ಗುರುವಾರ

ಜೇಬಿನಲ್ಲಿದ್ದ ಗೂಡನ್ನು ಸುಚಿತ್ರಾಗೆ ತೋರಿಸಿ ಯಾವ ಬಣ್ಣ ಎಂದು ಕೇಳಿದೆ. ಹಳದಿ ಎಂದಳು. ಪಕ್ಕದ ಮನೆಯ ಮುನಿಯಮ್ಮನನ್ನು ಕೇಳಿದೆ. ಹಳದಿ.

ಊಟ ಸೇರಲಿಲ್ಲ.

ಡಿಸೆಂಬರ್ 7, ಶನಿವಾರ

ಡಾಕ್ಟರು ಎರಡೂ ಕಣ್ಣು ನೋಡಿದರು. ಎರಡರಲ್ಲೂ ಪೊರೆ ಇದೆ, ಬಲಗಣ್ಣಿನದು ಚೆನ್ನಾಗಿ ಬಲಿತಿದೆ. ಮೊದಲು ಅದರ ಆಪರೇಷನ್, ಈ ಬುಧವಾರವೇ, ಹೊಸ ವರ್ಷದ ಮೇಲೆ ಎಡಗಣ್ಣು. ಎಷ್ಟು ದಿನದಿಂದ ಇರಬಹುದು ಎಂದು ಕೇಳಿದೆ. ಮೂರು ನಾಲ್ಕು ವರ್ಷ ಇರಬಹುದು, ಪೊರೆ ನಿಧಾನವಾಗಿ ಹಳದಿ ತಿರುಗುತ್ತದೆ, ನಿಮಗೆ ಗೊತ್ತಾಗುವುದಿಲ್ಲ, ತಿಳಿ ಹಳದಿಯೂ ಬಿಳಿಯೂ ಒಂದೇ ಥರ ಕಾಣುತ್ತವೆ, ತಿಳಿ ನೀಲಿ ಬೂದು ಬಣ್ಣವಾಗುತ್ತದೆ ಎಂದರು. ಇದನ್ನೆಲ್ಲ ಅವರು ಎಷ್ಟು ಸಲೀಸಾಗಿ ಹೇಳಿದರು.

ಮೂರು ನಾಲ್ಕು ವರ್ಷ. ಅಷ್ಟು ವರ್ಷ ನಾನು ಎಷ್ಟು ಮಕ್ಕಳ ಆಕಾಶ ತಿದ್ದಿದ್ದೇನೋ. ಒಬ್ಬರೂ ಕೈ ಹಿಡಿಯಲಿಲ್ಲ, ಈ ಹುಡುಗಿಯನ್ನು ಬಿಟ್ಟು. ಅವಳನ್ನೇ ಹೊರಗೆ ಕಳಿಸಿದೆ. ನಾಚಿಕೆಯಾಗುತ್ತಿದೆ, ಭಯವೂ ಆಗುತ್ತಿದೆ. ನನ್ನ ಹತ್ತಿರ ಇದ್ದದ್ದೇ ಬಣ್ಣ ನೋಡುವ ಕಣ್ಣು ಎಂಬ ಒಂದು ಹೆಮ್ಮೆ.

ಸುಚಿತ್ರಾ ಪಕ್ಕ ಕೂತು ಕೈ ಸವರಿದಳು. ಆಮೇಲೆ, ಹೋದ ದೀಪಾವಳಿಗೆ ನೀವು ಬಿಳಿ ಎಂದು ತಂದುಕೊಟ್ಟ ಸೀರೆ ನಿಂಬೆಹಣ್ಣಿನ ಬಣ್ಣದ್ದು, ಇಷ್ಟವಾಯಿತು ಎಂದು ಸುಮ್ಮನಿದ್ದೆ ಎಂದಳು. ಇಬ್ಬರೂ ನಕ್ಕೆವು.

ಡಿಸೆಂಬರ್ 12, ಗುರುವಾರ

ನೀಲಿ!

ಬೆಳಗ್ಗೆ ಒಂಬತ್ತಕ್ಕೆ ಬಲಗಣ್ಣಿನ ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ನರ್ಸಮ್ಮನ ಬಟ್ಟೆ. ಎಂಥ ಬಿಳಿ ಅದು, ಕಣ್ಣು ಕುಕ್ಕುವ ಬಿಳಿ. ಕಿಟಕಿಯಾಚೆ ಆಕಾಶ. ನಾನು ಮರೆತೇ ಹೋಗಿದ್ದೆ, ಆಕಾಶ ಅಷ್ಟು ನೀಲಿ ಇರುತ್ತದೆ ಎಂದು. ಡಾಕ್ಟರ್ ಮುಂದೆಯೇ ಅತ್ತುಬಿಟ್ಟೆ, ಕಣ್ಣಿಗೆ ನೀರು ತಾಗಬಾರದು ಎಂದು ಅವರು ಗದರಿದರು.

ಆಟೋದಲ್ಲಿ ಬರುವಾಗ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವುದು, ಅದನ್ನು ಮುಚ್ಚಿ ಇದರಲ್ಲಿ ನೋಡುವುದು, ಇದೇ ಕೆಲಸ. ಹೊಸ ಕಣ್ಣಿಗೆ ಬೆಟ್ಟದ ಬಂಡೆ ನೇರಳೆ ಬೂದು, ಹಳೇ ಕಣ್ಣಿಗೆ ಟೀ ಸೋಸಿದ ಬಣ್ಣ. ಹೊಸ ಕಣ್ಣಿಗೆ ಎಮ್ಮೆ ಕಪ್ಪಲ್ಲ, ಬೆನ್ನ ಮೇಲೆ ಆಕಾಶ ಹೊಳೆಯುತ್ತದೆ. ಆಟೋದವನು ಏನ್ ಸಾಮಿ ಕಣ್ಣು ಹೊಡೀತಾ ಇದ್ದೀರಿ ಎಂದ. ಮನೆಯಲ್ಲಿ ಬೀರು ತೆಗೆದು ಸುಚಿತ್ರಾಳ ಸೀರೆಗಳನ್ನೆಲ್ಲ ಹೊರಗೆ ಹಾಕಿ ಒಂದೊಂದನ್ನೂ ಎರಡೆರಡು ಸಲ ನೋಡಿದೆ. ಅವಳ ಮುಖವನ್ನೂ ನೋಡಿದೆ. ಹಳೇ ಕಣ್ಣಲ್ಲೇ ನೋಡಿ, ಅದ್ರಲ್ಲಿ ಸುಕ್ಕು ಕಾಣಲ್ಲ ಎಂದಳು. ಎರಡರಲ್ಲೂ ನೋಡಿ ಚೆನ್ನಾಗಿದ್ದೀಯ ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅಂತೆ. ಇರಲಾರದು.

ಪಂಚೆ ಬೆಳ್ಳಗಿದೆ. ಇಸ್ತ್ರಿಯವನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕು.

ಡಿಸೆಂಬರ್ 16, ಸೋಮವಾರ

ಇನ್ನೂ ಮನೆಯಲ್ಲಿರಿ ಎಂದಿದ್ದರೂ ಕಪ್ಪು ಕನ್ನಡಕ ಹಾಕಿಕೊಂಡು ಶಾಲೆಗೆ ಹೋದೆ. ಮೇಳಕ್ಕೆ ಐದೇ ದಿನ. ಮೊದಲು ಡ್ರಾಯಿಂಗ್ ರೂಮಿಗೆ ಹೋಗಿ ಕನ್ನಡಕ ತೆಗೆದು ಚಿತ್ರ ನೋಡಿದೆ.

ಬಲಗಡೆಯ ಬುಟ್ಟಿ ಎಂಥ ಚೆನ್ನಾಗಿದೆ! ನಾನು ಕೊಳೆ ಎಂದದ್ದೆಲ್ಲ ತಿಳಿ ನೀಲಿ, ಒಂದೊಂದು ಗೂಡಿನ ಹೊಟ್ಟೆಯಲ್ಲೂ ಬೆಳಗಿನ ಬೆಳಕು ಕೂತಿದೆ. ಎಂಟು ಥರದ ಬಿಳಿಯೂ ಇದೆ, ಲೆಕ್ಕ ಹಾಕಿದೆ. ಎಡಗಡೆಯ ಬುಟ್ಟಿಯ ಮೇಲೆ ಹಸಿ ಹಳದಿ, ಗೋಡೆಗೆ ಸುಣ್ಣ ಬಳಿದ ಹಾಗೆ. ನಾನು ಬಳಿದದ್ದು.

ಎರಡನೇ ಪೀರಿಯಡ್ಡಿನಲ್ಲಿ ಇಡೀ ಕ್ಲಾಸಿನ ಮುಂದೆ ಹೇಳಿದೆ. ಮುಬಶ್ಶಿರಾ ಬರೆದದ್ದು ಸರಿ, ನಾನು ತಿದ್ದಿದ್ದು ತಪ್ಪು, ಬೈದದ್ದು ಇನ್ನೂ ತಪ್ಪು, ಕ್ಷಮಿಸಮ್ಮ ಎಂದೆ. ಹೊಸ ಹಾಳೆ ತಂದಿದ್ದೆ, ನಾಲ್ಕು ದಿನ ಇದೆ, ಬೇರೆ ಬರಿ, ನಾನು ಹತ್ತಿರವೂ ಬರುವುದಿಲ್ಲ ಎಂದೆ. ಮೋನೆಗೂ ಹೀಗೇ ಪೊರೆ ಬಂದಿತ್ತು, ಅವನೂ ಒಂದು ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡಿದ್ದ, ಅವನ ಆ ಕಾಲದ ಚಿತ್ರಗಳಲ್ಲಿ ಹಳದಿ ಕೆಂಪು ಜಾಸ್ತಿ ಎಂದೂ ಹೇಳಿದೆ. ಮಾನ ಉಳಿಸಿಕೊಳ್ಳಲು ಹೇಳಿದ್ದು, ಒಪ್ಪಿಕೊಳ್ಳುತ್ತೇನೆ.

ಸಂಜೆ ಅವಳು ಬಂದಳು. ಹೊಸ ಹಾಳೆ ಮುಟ್ಟಲಿಲ್ಲ. ಹಳೆಯ ಚಿತ್ರದ ಮುಂದೆ ನಿಂತು, "ಸಾರ್, ಎಡಗಣ್ಣು ಇನ್ನೂ ಹಂಗೇ ಐತಾ?" ಎಂದು ಕೇಳಿದಳು. ಹಾಗೇ ಇದೆ ಎಂದೆ. "ಹಂಗಾದ್ರೆ ಬಲಗಡೆ ಬುಟ್ಟಿ ಹಿಂಗೇ ಇರ್ಲಿ. ಎಡಗಡೇದು ನಿಮ್ ಹಳೇ ಕಣ್ಣಿಗೆ ಹೆಂಗ್ ಕಾಣ್ತದೋ ಹಂಗ್ ಬರೀತೀನಿ. ಕಂಡಿದ್ ಬರೀಬೇಕು ಅಂತ ನೀವೇ ಹೇಳಿದ್ರಲ್ಲ" ಎಂದಳು.

ಡಿಸೆಂಬರ್ 18, ಬುಧವಾರ

ಅಜ್ಜಿ ಒಂದು ಬುಟ್ಟಿ ಬಿಳಿ ಗೂಡು ಕಳಿಸಿದ್ದಾರೆ. ಅದನ್ನು ಕಿಟಕಿಯ ಹತ್ತಿರ ಇಟ್ಟಿದ್ದೇವೆ. ನನ್ನ ಕೆಲಸ ಇಷ್ಟು: ಬಲಗಣ್ಣು ಮುಚ್ಚಿ ಹಳೇ ಕಣ್ಣಿನಲ್ಲಿ ನಿಜವಾದ ಬುಟ್ಟಿ ನೋಡುವುದು, ಆಮೇಲೆ ಎಡಗಣ್ಣು ಮುಚ್ಚಿ ಹೊಸ ಕಣ್ಣಿನಲ್ಲಿ ಅವಳ ಚಿತ್ರ ನೋಡುವುದು, ಎರಡೂ ಒಂದೇ ಬಣ್ಣವಾಗಿದೆಯೇ ಎಂದು ಹೇಳುವುದು. ಇನ್ನೂ ಒಸಿ ಮಂಕು ಎನ್ನುತ್ತೇನೆ, ಅವಳು ಕಲಸುತ್ತಾಳೆ. ಅಂಚು ಅಷ್ಟು ಚೂಪಾಗಿಲ್ಲ ಎನ್ನುತ್ತೇನೆ, ಒರೆಸುತ್ತಾಳೆ. ಕತ್ತು ನೋವು ಬಂದು ಅಲ್ಲಾಡಿದರೆ, "ಅಲ್ಲಾಡ್ಬೇಡಿ ಸಾರ್" ಎಂದು ಗದರುತ್ತಾಳೆ. ಗದರುವ ಧಾಟಿ ನನ್ನದೇ, ಎಲ್ಲಿ ಕಲಿತಳೋ.

ನಾನು ಬಳಿದಿದ್ದ ಹಳದಿ ಅವಳ ಕೈಯಲ್ಲಿ ಬೇರೆಯೇ ಆಗುತ್ತಿದೆ. ಎಳೆ ಬೆಲ್ಲದ ಬಣ್ಣ, ಒಳಗೆ ಮಬ್ಬು. ಅಲ್ಲೊಂದು ಇಲ್ಲೊಂದು ಜಾಗ ಸರಿಮಾಡಿದ್ದರೆ ಅನ್ನಿಸುತ್ತದೆ. ಎರಡೂ ಕೈ ಕಣ್ಣು ಮುಚ್ಚುವುದಕ್ಕೇ ಬೇಕಾಗಿರುವುದರಿಂದ ಬ್ರಷ್ ಹಿಡಿಯಲು ಆಗುತ್ತಿಲ್ಲ.

ಡಿಸೆಂಬರ್ 21, ಶನಿವಾರ

ಕನಕಪುರದಿಂದ ಈಗ ಬಂದೆವು. ಎರಡನೇ ಬಹುಮಾನ!

ಬಿಡದಿಯ ಹುಡುಗಿಯೊಬ್ಬಳು ವೇಗವನ್ನೇ ಚಿತ್ರಿಸುವ ಫ್ಯೂಚರಿಸಂ ಎಂದು ಕಾರ್ಖಾನೆ ಬಿಟ್ಟು ಓಡುವ ಶಿಫ್ಟ್ ಬಸ್ಸು ಬರೆದಿದ್ದಳು, ಒಂದು ಬಸ್ಸಿಗೆ ಹದಿನೆಂಟು ಚಕ್ರ. ಮಾಗಡಿಯ ಹುಡುಗನೊಬ್ಬ ಇಡೀ ಸಾವನದುರ್ಗವನ್ನು ಬರೀ ಚುಕ್ಕಿಯಲ್ಲಿ ಇಟ್ಟಿದ್ದ. ಅವನಿಗೇ ಮೊದಲನೆಯದು ಬಂತು. ಬರಬೇಕಾದದ್ದೇ, ನಾನೇ ಹೋಗಿ ಅವನ ಬೆನ್ನು ತಟ್ಟಿದೆ. ತೀರ್ಪುಗಾರರ ಜೊತೆ ವಾದಕ್ಕೆ ಹೋಗದೆ ಮೇಳದಿಂದ ಬಂದದ್ದು ಇದೇ ಮೊದಲು ಎಂದು ಎಚ್.ಎಂ. ಎಲ್ಲರೆದುರು ಹೇಳಿದರು. ಕಣ್ಣಿಗೆ ಆಯಾಸ ಆಗಬಾರದಲ್ಲ, ಅದಕ್ಕೆ.

ಮೇಷ್ಟ್ರುಗಳು ಹಗ್ಗದ ಆಚೆ ನಿಲ್ಲಬೇಕಿತ್ತು. ಅಲ್ಲಿಂದಲೇ ಕಿವಿ ಚಾಚಿ ಕೇಳಿದೆ. ತೀರ್ಪುಗಾರ ಮೇಡಂ ಬಂದು, ಎಡಗಡೆಯ ಬುಟ್ಟಿ ಹಳದಿ ಗೂಡಾ ಎಂದು ಕೇಳಿದರು. "ಎರಡೂ ಬಿಳಿ ಗೂಡೇ ಮೇಡಂ" ಎಂದಳು ಮುಬಶ್ಶಿರಾ. ಇದು ನಮ್ಮ ಸರ್ ಹಳೇ ಕಣ್ಣಿಗೆ ಕಂಡದ್ದು, ಇದು ಹೊಸ ಕಣ್ಣಿಗೆ ಕಂಡದ್ದು ಎಂದು ವಿವರಿಸಿ, ಮೋನೆಯ ಮೆದೆ, ನೀಲಿ ನೆರಳು, ಪೊರೆ ಎಲ್ಲ ಹೇಳಿದಳು. ನನಗೆ ಎದೆ ಉಬ್ಬಿ ಅಂಗಿಯ ಗುಂಡಿ ಹೋಗುವುದೊಂದು ಬಾಕಿ. ಮೇಡಂ ಎಲ್ಲ ಕೇಳಿ, ಚೆನ್ನಾಗಿದೆ, ಆದರೆ ಇನ್ನೊಬ್ಬರ ಕಣ್ಣಿಗೆ ಹೀಗೇ ಕಂಡಿತು ಎಂದು ನಿನಗೆ ಹೇಗೆ ಗೊತ್ತು, ಅವರು ಹೇಳಿದ್ದನ್ನು ನಂಬಿ ಬರೆದೆ ತಾನೇ ಎಂದರು. ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಪ್ರೈಜ್ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಗುಮ್ಮನೆ ಕೂತಿದ್ದಳು. ಎರಡನೆಯದು ಎಂದು ಬೇಜಾರಾ ಎಂದೆ. ಕಪ್ಪಿಗಲ್ಲ ಸಾರ್, ಆ ಪ್ರಶ್ನೆಗೆ ಎಂದಳು. ನನಗೂ ಉತ್ತರ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದೇ ಹೇಳಿದೆ.

ಜನವರಿ 7, ಮಂಗಳವಾರ

ನಾಳೆ ಬೆಳಗ್ಗೆ ಎಡಗಣ್ಣಿನ ಆಪರೇಷನ್. ಈ ಸಲ ಭಯ ಇಲ್ಲ. ಶಾಲೆಗೆ ಹೋಗಿ ಒಂದು ವಾರದ ರಜಕ್ಕೆ ಬರೆದುಕೊಟ್ಟು, ಒಂಬತ್ತನೇ ತರಗತಿಗೆ ಒಂದು ಪೀರಿಯಡ್ ತೆಗೆದುಕೊಂಡೆ. ಒಬ್ಬ ಹುಡುಗ ಹಸಿರು ಬಣ್ಣದ ನಾಯಿ ಬರೆದಿದ್ದ. ಯಾಕೆ ಹಸಿರು ಎಂದು ಕೇಳಿ ಅವನ ಪಕ್ಕ ಕೂತೆ. ಅವನು ಹೇಳಿದ್ದು ಕೇಳುವಷ್ಟರಲ್ಲಿ ಪೀರಿಯಡ್ಡೇ ಮುಗಿಯಿತು. ಈಚೆಗೆ ಯಾಕೋ ಕೆಲಸ ಬಹಳ ನಿಧಾನವಾಗುತ್ತಿದೆ, ವಯಸ್ಸು ಇರಬೇಕು.

ಸಂಜೆ ಹೊರಡುವ ಹೊತ್ತಿಗೆ ಮುಬಶ್ಶಿರಾ ಓಡಿಕೊಂಡು ಬಂದಳು. ಆ ಮೇಡಂ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಸಿಕ್ಕಿದೆಯಂತೆ, ಆದರೆ ಇವತ್ತೇ ಆಗಬೇಕಂತೆ, ನಾಳೆ ನನ್ನ ಹಳೇ ಕಣ್ಣು ಇರುವುದಿಲ್ಲವಂತೆ. ಅವಳ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಎಚ್.ಎಂ. ಕೋಣೆಯಲ್ಲಿ ತೂಗುಹಾಕಿದ್ದಾರೆ. ಅದರ ಮುಂದೆ ನನ್ನನ್ನು ನಿಲ್ಲಿಸಿ, ಬಲಗಣ್ಣು ಮುಚ್ಚಿಕೊಳ್ಳಿ, ಬೆರಳ ಸಂದಿಯಲ್ಲಿ ನೋಡಬಾರದು ಎಂದಳು. ಮುಚ್ಚಿಕೊಂಡೆ.

"ಈಗ ಹಳೇ ಕಣ್ಣಲ್ಲೇ ನೋಡಿ ಸಾರ್. ಎರಡು ಬುಟ್ಟಿಗೂ ಏನ್ ವ್ಯತ್ಯಾಸ?"

ನೋಡಿದೆ. ಯಾವ ಉತ್ತರ ಹೇಳಿದರೆ ಅವಳಿಗೆ ಸಂತೋಷವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಏನಾದರೂ ವ್ಯತ್ಯಾಸ ಹೇಳಿದರೆ ಸಮಾಧಾನವಾದೀತು ಅನ್ನಿಸಿತು, ಅಷ್ಟು ದಿನ ಕೂತು ಬರೆದದ್ದಲ್ಲವೇ. ಇನ್ನೊಮ್ಮೆ ನೋಡಿದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲಮ್ಮ. ಏನೂ ವ್ಯತ್ಯಾಸ ಕಾಣಲ್ಲ. ಎರಡೂ ಒಂದೇ ಥರ ಐತೆ" ಎಂದೆ.

ಬೇಜಾರು ಮಾಡಿಕೊಂಡಳೇನೋ ಎಂದು ಕೈ ತೆಗೆದು ನೋಡಿದರೆ ಮುಖವೆಲ್ಲ ನಗು. "ಹಂಗಾದ್ರೆ ಸರಿಯಾಗ್ ಬರ್ದಿದೀನಿ ಸಾರ್" ಎಂದಳು.

ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಹಳೇ ಕಣ್ಣು ಬಿಳಿಯನ್ನು ಹಳದಿ ಮಾಡಿ ತೋರಿಸುತ್ತದೆ, ಮೊದಲೇ ಅಷ್ಟು ಹಳದಿ ಇದ್ದದ್ದನ್ನು ಹಾಗೇ ಬಿಡುತ್ತದೆ. ಅವಳ ಬಿಳಿ ಬುಟ್ಟಿ ಆ ಕಣ್ಣಿಗೆ ಎಷ್ಟು ಹಳದಿಯಾಗಿ ಕಾಣುತ್ತದೋ, ಅಷ್ಟೇ ಹಳದಿಯನ್ನು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ ಪಕ್ಕದ ಬುಟ್ಟಿಯಲ್ಲಿ ಬರೆದಿದ್ದಾಳೆ. ಅದಕ್ಕೇ ಎರಡೂ ಒಂದಾಗಿ ಕಂಡವು. ನನ್ನ ಮಾತನ್ನು ನಂಬಿ ಬರೆದದ್ದನ್ನು ಇವತ್ತು ನನ್ನ ಕಣ್ಣಿನಿಂದಲೇ ರುಜುವಾತು ಮಾಡಿಸಿಕೊಂಡಳು. ಇಷ್ಟು ವರ್ಷ ನನಗೆ ಏನು ಕಾಣುತ್ತಿತ್ತು ಎನ್ನುವುದು ಈಗ ಲೋಕದಲ್ಲಿ ಸರಿಯಾಗಿ ಗೊತ್ತಿರುವುದು ಆ ಹುಡುಗಿಗೆ ಮಾತ್ರ.

ಎಚ್.ಎಂ. ಮೇಡಂ ಬಾಗಿಲು ಹಾಕಬೇಕು ಎಂದು ಬೀಗ ಹಿಡಿದು ನಿಂತಿದ್ದರು. ಒಂದೇ ಒಂದು ನಿಮಿಷ ಎಂದು ಹೇಳಿ, ನಾನೂ ಮುಬಶ್ಶಿರಾಳೂ ಬಲಗಣ್ಣು ಮುಚ್ಚಿಕೊಂಡು ಇನ್ನೊಂದು ಸಲ ನೋಡಿದೆವು. ಅವಳಿಗೆ ಎರಡು ಬಣ್ಣ, ನನಗೆ ಒಂದು.